ಬಿಜಲಿಯ ಕುಂಟು

ಬೆಳಗಾದಾಗಿನಿಂದ ಜಲೀಲ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ನಾಗಮಂಗಲದ ನರಸಯ್ಯ ಮಧ್ಯಾಹ್ನದೊಳಗೆ ಟೆಂಪೊ ತರುತ್ತೇನೆಂದು ಫೋನು ಮಾಡಿದ್ದ. ಬಂದರೆ ಜಲೀಲ್‌ನ ಹೆಣ್ಣುಕುದುರೆ ಬಿಜಲಿಯನ್ನು ಕೊಂಡು, ಹತ್ತಿಸಿಕೊಂಡು ಹೋಗಿ ಇಟ್ಟಿಗೆ ಗೂಡಿನ ಗಾಡಿಗೆ ಕಟ್ಟುತ್ತಾನೆ. ಅಂಥ ಕಡೆ ಹೋದ ಕುದುರೆ ಮತ್ತೆ ತಲೆಯೆತ್ತಿ ನಡೆದದ್ದನ್ನು ಜಲೀಲ್ ಕಂಡಿರಲಿಲ್ಲ.

ಬಿಜಲಿಯ ಕುಂಟೇ ವಿಚಿತ್ರ. ಜಟಕಾಕ್ಕೆ ಕಟ್ಟಿದರೆ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಿಂದ ಗುಂಬಜ್‌ವರೆಗೂ ತಾಳ ತಪ್ಪದ ಓಟ. ಬೆನ್ನ ಮೇಲೆ ಆಳು ಕೂತರೆ ಮಾತ್ರ ಬಲಗಡೆಯ ಹಿಂಗಾಲು ಗಿಡ್ಡ ಹೆಜ್ಜೆ ಹಾಕುತ್ತಿತ್ತು, ಕಿವಿ ಹಿಂದಕ್ಕೆ ಮಡಚುತ್ತಿತ್ತು, ಬಾಲ ಬಡಿಯುತ್ತಿತ್ತು. ಕಳೆದ ವಾರ ಕಿರಂಗೂರಿನ ಮೆರವಣಿಗೆಯಲ್ಲಿ ಮದುಮಗ ಪೇಟದ ಸಮೇತ ಜಾರಿ ಬ್ಯಾಂಡಿನವರ ತೋಳಿಗೆ ಬಿದ್ದಿದ್ದ. ಪ್ರವಾಸಿಗರೆಲ್ಲ ಆಟೊ ಹತ್ತುವ ಈ ಕಾಲದಲ್ಲಿ ಮದುವೆಗೆ ಒದಗದ ಕುದುರೆಯನ್ನು ಸಾಕುವುದು ಹೇಗೆ?

ಹುಟ್ಟಾ ಗಾಡಿಯವನಾದ ಜಲೀಲ್‌ಗೆ ಕುಂಟು ಎಂದರೆ ಗೊರಸು, ಇಲ್ಲವೇ ಭುಜ. ಲಾಳ ಕೀಳಿಸಿ ಹೊಸದು ಹೊಡೆಸಿದ್ದಾಯಿತು, ಕಾಲಿಗೆ ಶಾಖ ಕೊಟ್ಟದ್ದಾಯಿತು. ಈಗಲೂ ಅದೇ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ನಖರಾ ಭಾಯ್, ಬರೀ ನಖರಾ," ಎಂದ ಅವನ ಬಾಮೈದ ಫೈಸಲ್. ಬಿಜಲಿಯನ್ನು ಕೊಟ್ಟುಬಿಡೋಣ ಎಂದವನೂ ಅವನೇ. "ಕಾಲು ನೋಯೋದೇ ನಿಜ ಆಗಿದ್ರೆ ಜಟಕಾ ಎಳೆಯೋವಾಗ್ಲೂ ನೋಯ್ಬೇಕಲ್ವಾ? ಕಳ್ಳಿ!"

ಜಲೀಲ್ ಗೊರಸನ್ನು ಕೆಳಗಿಟ್ಟು ಎದ್ದು ನಿಂತ. ಬಿಜಲಿಯ ಬೆನ್ನಿನ ಜೀನು ಬಿಚ್ಚಿ ಗೋಡೆಯ ಮೇಲೆ ಹಾಕಿದ.

"ಹತ್ತು."

"ಬರೀ ಬೆನ್ನಿಗಾ? ತಮ್ಮ ಬಿದ್ದ ಅಂತ ಆಪಾ ಅಳ್ತಾಳೆ ಭಾಯ್."

"ನಗ್ತಾಳೆ. ಹತ್ಲಾ."

ಫೈಸಲ್ ಹತ್ತಿದ. ಬಿಜಲಿ ಬೀದಿಯ ಕೊನೆಯವರೆಗೂ ಸಮನಾಗಿ ನಡೆದು ಹಿಂದಿರುಗಿತು. ಜೀನು ಹಾಕಿ ಹತ್ತಿಸಿದರೆ ಮತ್ತೆ ಅದೇ ಕುಂಟು.

ಜೀನನ್ನು ಎಷ್ಟು ಅದುಮಿದರೂ ಜಲೀಲ್‌ನ ಕೈಗೆ ಏನೂ ಹತ್ತಲಿಲ್ಲ. ಅದಕ್ಕೆ ಜರಿ ಮಖಮಲ್ಲಿನ ಹೊದಿಕೆ. ಮದುವೆ ಕಾಲ ಮುಗಿಯುವವರೆಗೂ ಜಾರದಿರಲಿ ಎಂದು ಪ್ರತಿ ವರ್ಷ ಅದನ್ನು ಜೀನಿಗೇ ಸೇರಿಸಿ ಹೊಲಿಸುವುದು ಅವನ ಪದ್ಧತಿ. ಆಮೇಲೆ ಅದರೊಳಗನ್ನು ಯಾರೂ ನೋಡುತ್ತಿರಲಿಲ್ಲ.

"ಬಿಚ್ಚು," ಎಂದು ಹೆಂಡತಿ ರೆಹಮತುನ್ನೀಸಾಳ ಮುಂದಿಟ್ಟ.

"ಬಿಗಿಯಾಗಿ ಹೊಲಿ ಹೊಲಿ ಅಂತ ತಲೆ ತಿಂದೋರು ಯಾರು?" ಎನ್ನುತ್ತಲೇ ಅವಳು ಕತ್ತರಿ ಹಾಕಿದಳು.

ಒಳಗಿನ ಮರದ ಚೌಕಟ್ಟು ತಿರುಚಿ, ಬಲಗಡೆ ಕೂದಲೆಳೆಯಷ್ಟು ಸೀಳಿತ್ತು. ಫೈಸಲ್ ಅದರ ಮೇಲೆ ಕೂತೊಡನೆ ಸೀಳು ಬಾಯಿ ತೆರೆದು ಮರದ ಅಂಚು ಕೆಳಕ್ಕೆ ಒತ್ತಿತು, ಎದ್ದೊಡನೆ ಮುಚ್ಚಿಕೊಂಡಿತು. ಕುದುರೆ ಹತ್ತಿ ಗೊತ್ತಿಲ್ಲದ ಮದುಮಕ್ಕಳು ಎಡಗಡೆಯಿಂದ ಜೀನಿಗೇ ಜೋತುಬೀಳುತ್ತಿದ್ದರು, ಸೋದರಮಾವಂದಿರು ಕೆಳಗಿನಿಂದ ನೂಕುತ್ತಿದ್ದರು. ಅದರ ಫಲವಿದು. ಜಟಕಾದ ಪಟ್ಟಿ ಆ ಜಾಗವನ್ನು ಮುಟ್ಟುತ್ತಲೇ ಇರಲಿಲ್ಲ. ಜಲೀಲ್ ಬಿಜಲಿಯ ಬೆನ್ನಿನ ಬಲಗಡೆ ಹೆಬ್ಬೆರಳೂರಿದ. ಚರ್ಮ ಅದುರಿ ಬೆನ್ನು ಕುಸಿಯಿತು.

ಅಷ್ಟರಲ್ಲಿ ಟೆಂಪೊ ಬಂತು.

"ಏನ್ಲಾ ಜಲೀಲಾ, ಟೈಲರ್ ಅಂಗ್ಡಿ ಮಡಗ್ಬುಟ್ಯಾ?" ಎಂದು ನರಸಯ್ಯ ಇಳಿದ.

"ಕುದ್ರೆ ಕೊಡಾಕಿಲ್ಲ ನರಸಯ್ಯ."

"ಡೀಸ್ಲು ಸುಟ್ಕಂಡು ಬಂದಿವ್ನಿ ಕಣ್ಲಾ! ಇವತ್ತು ಬ್ಯಾಡ ಅಂತೀಯೆ, ಮದ್ವೆ ಕೈ ತಪ್ಪುದ್ರೆ ನಾಳಿಕ್ಕೆ ನೀನೇ ಫೋನ್ ಮಾಡ್ತೀಯೆ."

ಅದು ಜಲೀಲ್‌ಗೂ ಗೊತ್ತಿತ್ತು. ಆಗಲಾರದ ಮಾತೇನೂ ಅಲ್ಲ.

ಫೈಸಲ್ ಹತ್ತಿರ ಬಂದು ಪಿಸುಗುಟ್ಟಿದ: "ಭಾಯ್, ಸಾಯಂಕಾಲ ಪಾಂಡವಪುರದ ಮದ್ವೆ ಐತೆ. ಕೆ.ಆರ್. ಪೇಟೆಯಿಂದ ಬೇರೆ ಜೀನು ತತ್ತೀನಿ. ಕೆಳಗೆ ಟವಲ್ಲು ಮಡಚಿ ಹಾಕಿದ್ರೆ ಇವತ್ತೊಂದು ದಿನ ನಡೀತೈತೆ."

ಜಲೀಲ್ ಅವನ ಕೈ ಹಿಡಿದು ಆ ಜಾಗದ ಮೇಲಿಟ್ಟ. ಬಿಜಲಿ ಮತ್ತೆ ಕುಸಿಯಿತು. ಫೈಸಲ್ ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ತಾನೇ ಫೋನು ತೆಗೆದು ಪಾಂಡವಪುರದ ಮದುವೆ ಮನೆಗೆ ಮಾಡಿದ.

"ಪುಟ್ಟರಾಜಣ್ಣ, ಕುದ್ರೆಗೆ ಬೆನ್ನು ನೋವು. ಬರಾಕಾಗಲ್ಲ."

ಆ ಕಡೆಯ ಬೈಗುಳ ಅಂಗಳಕ್ಕೆಲ್ಲ ಕೇಳಿಸಿತು. ಜಲೀಲ್ ಫೋನು ಇಸಿದುಕೊಂಡು, "ಬಯ್ರಣ್ಣ, ನಂಗೇ ಬಯ್ರಿ," ಎಂದ. ಖಾಲಿ ಟೆಂಪೊ ಬೀದಿ ದಾಟಿ ಹೋದಮೇಲೂ ಬೈಗುಳ ನಿಂತಿರಲಿಲ್ಲ.