ಶಾಂತವ್ವನ ಹೆಸರು

ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ "ಕುರ್ರ್" ಎಂದ ಸಾವಿತ್ರವ್ವ ಅಲ್ಲಿಗೇ ನಿಂತುಬಿಟ್ಟಳು. ಹೆಸರು ಬಾಯಿಗೆ ಬರಲಿಲ್ಲ.

ಹೆಸರು ಹೇಳಬೇಕಾದ ಸೋದರತ್ತೆ ಮಧುಮತಿಗೆ ವೀಸಾ ಸಿಕ್ಕಿರಲಿಲ್ಲವಾಗಿ ಆ ಕೆಲಸ ಅಜ್ಜಿಯ ಪಾಲಿಗೆ ಬಂದಿತ್ತು. ಹೆಸರು ಹೇಳಿದ ಕೂಡಲೇ ಹೇಳಿದವರ ಬೆನ್ನಿಗೆ ಗುದ್ದುವುದು ಪದ್ಧತಿ. ಅದಕ್ಕೆಂದೇ ನೆರೆಮನೆಯ ಹರಿಪ್ರಿಯಾ ಕೈ ಎತ್ತಿಕೊಂಡು ಕಾಯುತ್ತಿದ್ದಳು.

"ಯಾಕವ್ವಾ, ಏನಾತು?" ಮಗ ಉದಯಕುಮಾರ ಗಾಬರಿಯಾದ.

"ನಮ್ಮತ್ತಿ ಹೆಸರಲ್ಲೇನೋ! ಈ ಬಾಯಿಲೆ ಒಮ್ಮ್ಯಾರ ಅಂದೀನೇನು?"

ಅತ್ತೆಯ ಹೆಸರೇ ಇಡಬೇಕೆಂದು ಗದಗಿನಿಂದ ನ್ಯೂರೆಂಬರ್ಗ್‌ವರೆಗೂ ಹಟ ಹಿಡಿದು ಬಂದವಳು ಇವಳೇ. ಹೆಸರು ಶಾಂತವ್ವ. ಹೆಸರಿಗಷ್ಟೇ ಶಾಂತವ್ವ, ಆಕೆಯ ಕೆಮ್ಮು ಕೇಳಿದರೆ ಸಾಕು, ಸೊಸೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ತಾಯಿಯಿಲ್ಲದ ಆ ಸೊಸೆಯ ಬಾಣಂತನವನ್ನು ಕೈಯಾರೆ ಮಾಡಿದವಳೂ ಅದೇ ಶಾಂತವ್ವ. ಆ ಹೆಸರು ಮನೆಯಲ್ಲಿ ಉಳಿಯಲೇಬೇಕಿತ್ತು.

"ಇಟ್ಟರೂ ಕೂಸಿನ್ನ ಹ್ಯಾಂಗ ಕರೀಲಿ? ಹ್ಯಾಂಗ ಬೈಲಿ?" ಎನ್ನುವಾಗ ಸಾವಿತ್ರವ್ವನ ಕಣ್ಣಲ್ಲಿ ನೀರೇ ಬಂತು.

ಉದಯ ಇದನ್ನೆಲ್ಲ ಜರ್ಮನ್‌ನಲ್ಲಿ ಹೇಳಿದಾಗ ಅವನ ಹೆಂಡತಿ ಲೆಂಕಾ ನಗು ತಡೆದುಕೊಂಡಳು. ಅವಳ ತಾಯಿ ಹಾಂಕಾ ನಗಲಿಲ್ಲ. ಬೌಟ್ಸೆನ್ ಊರಿನ ಕಡೆಯ, ಸೋರ್ಬಿಯನ್ ಎಂಬ ಸಣ್ಣ ಜನಾಂಗದ ಹೆಂಗಸು. ಜರ್ಮನಿಯಲ್ಲೇ ಹುಟ್ಟಿ ಬೆಳೆದರೂ ಮನೆಮಾತು ಬೇರೆ, ಹೆಸರುಗಳೂ ಬೇರೆ. ಮೊಮ್ಮಗಳಿಗೆ ತಮ್ಮ ಕಡೆಯದೊಂದು ಹೆಸರಿರಲಿ ಎಂಬ ಆಸೆಯನ್ನು ಬೆಳಗಿನಿಂದ ನುಂಗಿಕೊಂಡು ಕೂತಿದ್ದಳು.

"ಶಾಂತವ್ವ ಅಂದರೆ ಏನರ್ಥ?" ಎಂದು ಮೆಲ್ಲಗೆ ಕೇಳಿದಳು.

"ಶಾಂತಿ, ಸಮಾಧಾನ," ಎಂದ ಉದಯ.

ಹಾಂಕಾಳ ಮುಖ ಅರಳಿತು. "ನಮ್ಮಲ್ಲಿ ಮಿಯೆರ್ ಅಂದರೆ ಶಾಂತಿ. ಅದರಿಂದ ಬಂದ ಹೆಸರು ಮಿಯೆರಾನಾ. ನಮ್ಮಮ್ಮನ ಹೆಸರು." ತುಸು ತಡೆದು, "ಅವಳು ಕೂಗಿದರೆ ಪಕ್ಕದೂರಿನ ಕೋಳಿಗಳೂ ಎದ್ದು ಕೂರುತ್ತಿದ್ದವು," ಎಂದಳು.

ಉದಯ ಅದನ್ನು ಕನ್ನಡಕ್ಕೆ ತಂದದ್ದೇ ತಡ, ಸಾವಿತ್ರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹಂಗಾರ ಇಬ್ಬರೂ ಒಂದ ನಮೂನಿ! ಬರ್ರಿ ಬೀಗತಿ, ಆ ಹೆಸರ ಇರ್ಲಿ, ನೀವ ಹೇಳ್ರಿ," ಎಂದು ಅವಳ ಕೈ ಹಿಡಿದು ತೊಟ್ಟಿಲ ಬಳಿಗೆ ಎಳೆದಳು.

ಹಾಂಕಾ ಬಗ್ಗಿ, ಕಿವಿಯಲ್ಲಿ ಹೆಸರು ಹೇಳಿದಳು. ಬೆನ್ನ ಮೇಲೆ ಧಪ್ಪನೆ ಗುದ್ದು ಬಿತ್ತು. ಬೆಚ್ಚಿ ತಿರುಗಿದವಳು ಎಲ್ಲರೂ ನಗುವುದನ್ನು ಕಂಡು ತಾನೂ ನಕ್ಕು, ಇನ್ನೊಂದು ಗುದ್ದಿಗೆ ಬೆನ್ನು ಕೊಟ್ಟಳು. ಈ ಗದ್ದಲಕ್ಕೆ ಕೂಸು ಕಿಟಾರನೆ ಚೀರತೊಡಗಿತು.

"ಏ ಮಿಯೆರಾನಾ! ಸುಮ್ಮಕಿರ ಸಾಕು, ಬಾಯಿ ಮುಚ್ಚು!" ಸಾವಿತ್ರವ್ವ ಬಾಯಿ ತುಂಬ ಗದರಿದಳು.

ಗದರಿದವಳೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.