ಸದ್ದಿಗೆ ಯಾರೂ ಕುಣಿಯುವುದಿಲ್ಲ

ರುಗುನ್ ಐದು ಡೋಲುಗಳ ಮೇಲೆ ಮುಚ್ಚಿದ್ದ ಬಟ್ಟೆಯನ್ನು ಅರ್ಧ ಎಳೆದಿದ್ದಳು, ಅಷ್ಟರಲ್ಲಿ ಒಂದು ಊರುಗೋಲು ಬಂದು ಬಟ್ಟೆಯ ಇನ್ನೊಂದು ತುದಿಯನ್ನು ನೆಲಕ್ಕೆ ಒತ್ತಿ ಹಿಡಿಯಿತು.

"ಯಾರನ್ನ ಕೇಳಿ ತೆಗೀತಿದ್ದೀಯ?"

ಕೋಲು ಹಿಡಿದು ನಿಂತವನು ಓಂಪು ಬಿನ್ಸಾರ್, ಅಂದರೆ ಬಿನ್ಸಾರನ ಅಜ್ಜ. ಸರೋವರದ ನಡುವಿನ ನಮ್ಮ ಸಮೋಸಿರ್ ದ್ವೀಪದಲ್ಲಿ ಮೊಮ್ಮಗು ಹುಟ್ಟಿದ ದಿನವೇ ಮನುಷ್ಯನ ಸ್ವಂತ ಹೆಸರು ಗಂಟುಮೂಟೆ ಕಟ್ಟುತ್ತದೆ. ಎಪ್ಪತ್ತೆಂಟರ ಈ ಮುದುಕ ಸತ್ತವನ ದೊಡ್ಡಪ್ಪನ ಮಗ, ಕುಲಕ್ಕೆ ಹಿರಿಯ. ಸಾವಿರಲಿ ಮದುವೆಯಿರಲಿ, ಕಟ್ಟಳೆ ಹೇಳುವ ಬಾಯಿ ಅವನದೇ. ಒಳಗೆ ನಡುಮನೆಯಲ್ಲಿ ಹೆಣವಾಗಿ ಮಲಗಿದ್ದ ಜಾಯಿಹುತ್‌ನನ್ನು ಮಾತ್ರ ಊರು ಎಪ್ಪತ್ತೊಂದನೇ ವಯಸ್ಸಿನಲ್ಲೂ 'ರುಗುನ್ ಅಪ್ಪ' ಎಂದೇ ಕರೆಯುತ್ತಿತ್ತು. ಅವನಿಗೆ ಮೊಮ್ಮಕ್ಕಳಿರಲಿಲ್ಲ. ಇದ್ದ ಒಬ್ಬಳೇ ಮಗಳು ರುಗುನ್‌ಗೆ ನಲವತ್ತೊಂದು ತುಂಬಿದ್ದರೂ ಮದುವೆಯಾಗಿರಲಿಲ್ಲ.

"ಅಪ್ಪನ ಡೋಲು, ದೊಡ್ಡಪ್ಪ. ಯಾರನ್ನ ಕೇಳ್ಬೇಕು?"

"ಕಟ್ಟಳೇನ ಕೇಳ್ಬೇಕು. ಮೊಮ್ಮಕ್ಕಳ ಮುಖ ಕಂಡು ಸತ್ತವನಿಗೆ ಮಾತ್ರ ಗೊಂಡಾಂಗ್ ಮೇಳ. ನಿಮ್ಮಪ್ಪ ಯಾರ ಮುಖ ಕಂಡ? ಹೆಣ ಅಂಗಳಕ್ಕೆ ಇಳಿಸೋ ಹಾಗಿಲ್ಲ. ಡೋಲು, ಜಾಗಟೆ, ಮೌರಿ ಒಂದೂ ಮುಟ್ಟೋ ಹಾಗಿಲ್ಲ. ಒಳಗೇ ಪ್ರಾರ್ಥನೆ ಮುಗಿಸಿ, ಮಧ್ಯಾಹ್ನದೊಳಗೆ ಮಣ್ಣು ಮಾಡೋದು. ಊಟಕ್ಕೆ ಒಂದು ಸಣ್ಣ ಹಂದಿ ಸಾಕು."

"ಈ ಸರೋವರದ ಸುತ್ತ ಎಷ್ಟು ಜನ ಹಿರಿಯರನ್ನ ಅಪ್ಪ ಬಾರಿಸಿ ಕಳಿಸಿದ್ದಾನೆ, ಲೆಕ್ಕ ಇದೆಯಾ?"

"ಕಳಿಸಿದ್ದಾನೆ. ಅವರಿಗೆಲ್ಲ ಮೊಮ್ಮಕ್ಕಳಿದ್ರು. ಹತ್ತು ವರ್ಷದ ಹಿಂದೆ ಪಂಗುರುರಾನ್ ಪೇಟೆಯ ಆ ಮೇಷ್ಟ್ರು ಹೆಣ್ಣು ಕೇಳ್ಕೊಂಡು ಬಂದಾಗ ನೀನು ಹೂಂ ಅಂದಿದ್ರೆ, ಇವತ್ತು ಎಲ್ಲರಿಗಿಂತ ಮೊದಲು ನಾನೇ ಕುಣೀತಿದ್ದೆ."

"ಡೋಲು ಬಿಟ್ರೆ ಮಾಡ್ಕೋತೀನಿ ಅಂದ ಅವನು. ಬಿಡಲ್ಲ ಅಂದೆ. ಇವತ್ತು ಕೇಳಿದ್ರೂ ಅದೇ ಹೇಳ್ತೀನಿ."

"ಹೇಳು, ಹೇಳು. ನೀನು ಮಾಡಿದ್ದನ್ನ ನಿಮ್ಮಪ್ಪ ಉಣ್ತಿದ್ದಾನೆ." ಓಂಪು ಬಿನ್ಸಾರ್ ದನಿ ತಗ್ಗಿಸಿದ. ಅವನು ದನಿ ತಗ್ಗಿಸಿದರೆ ಊರು ಹೆದರುತ್ತದೆ. "ಒಂದೇ ಒಂದು ಪೆಟ್ಟು ಕೇಳಿಸಿದ್ರೂ ನಮ್ಮ ಕುಲದವರೆಲ್ಲ ಎದ್ದು ಹೋಗ್ತೀವಿ. ಹೆಣ ಹೊರೋರನ್ನ ನೀನೇ ಹುಡುಕ್ಕೋ."

ಜಾಯಿಹುತ್‌ನ ಮೇಳದಲ್ಲಿ ಮೂವತ್ತು ವರ್ಷ ಜಾಗಟೆ ಬಾರಿಸಿದ್ದ ತಿಗೊರ್ ಅಂಗಳದ ಮೂಲೆಯಲ್ಲಿ ನಿಂತು ತನ್ನ ಚಪ್ಪಲಿಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ. ಅವನೂ ಮುಂದೆ ಈ ಊರಿನಲ್ಲೇ ಸಾಯಬೇಕಿತ್ತು, ಪಾಪ. ರುಗುನ್‌ಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಬಟ್ಟೆ ಕೈಬಿಟ್ಟು ಒಳಗೆ ಹೋಗಿ ಅಪ್ಪನ ತಲೆಯ ಹತ್ತಿರ ಕುಳಿತಳು.

*

ಜಾಯಿಹುತ್ ಮೊದಲ ಸಲ ಮೆದಾನ್ ಪಟ್ಟಣಕ್ಕೆ ಹೋಗಿ ಕ್ಯಾಸೆಟ್ ಮಾಡಿದಾಗ ಅವನಿಗೆ ಮೂವತ್ತೆರಡು. ಸ್ಟುಡಿಯೋ ಅಂದರೆ ಜವಳಿ ಅಂಗಡಿಯ ಹಿಂದಿನ ಒಂದು ಕೋಣೆ, ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದರು. ಐದು ಡೋಲು, ನಾಲ್ಕು ಜಾಗಟೆ ಒಳಗೆ ಹೋದ ಮೇಲೆ ಜನಕ್ಕೆ ಜಾಗವಿರಲಿಲ್ಲ. ಮೌರಿ ಊದುವವನ ಸದ್ದು ಜಾಸ್ತಿಯಾಯಿತೆಂದು ಅವನನ್ನು ಬಚ್ಚಲಿಗೆ ಕಳಿಸಿ ಬಾಗಿಲು ಓರೆ ಮಾಡಿದರು. ಮಾಲೀಕ ಆಕಿಯೊಂಗ್, ದಪ್ಪ ಕನ್ನಡಕದ ಚೀನೀ ಮನುಷ್ಯ, ಕೈಯೆತ್ತಿ ಸನ್ನೆ ಮಾಡಿದ. ಜಾಯಿಹುತ್ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ.

"ಶುರು ಮಾಡಿ ಗುರುಗಳೇ."

"ನೀವು ಕೇಳ್ಲಿಲ್ವಲ್ಲ."

"ಏನು ಕೇಳ್ಬೇಕು?"

"ಗೊಂಡಾಂಗ್ ಬೇಕು ಅಂತ ಒಬ್ರು ಎದ್ದು ನಿಂತು, ಕೈ ಮುಗಿದು ಕೇಳ್ಬೇಕು. ಕೇಳದೆ ಬಾರಿಸೋಕೆ ನಾನೇನು ಹೊಲದಲ್ಲಿ ಹಕ್ಕಿ ಓಡಿಸ್ತಿದ್ದೀನಾ?"

ಅರ್ಧ ದಿನ ಇದೇ ರಗಳೆ. ಕೊನೆಗೆ ಆಕಿಯೊಂಗ್ ಸಿಗರೇಟು ಪ್ಯಾಕಿನ ಹಿಂದೆ ಬರೆಸಿಕೊಂಡು, ಕೈ ಮುಗಿದು, ನಮ್ಮ ಬತಾಕ್ ಮಾತಿನ ಕೈಕಾಲು ಮುರಿದು ಓದಿದ: "ಡೋಲಿನ ಒಡೆಯರೇ, ನಮ್ಮ ಕಿವಿಗೂ ನಮ್ಮ ಹಿರಿಯರ ಕಿವಿಗೂ ಬೀಳುವ ಹಾಗೆ ದಯಮಾಡಿ ಬಾರಿಸಿ." ಟೇಪು ಓಡುತ್ತಿತ್ತು, ಅದೂ ಅದರಲ್ಲಿ ಕೂತುಬಿಟ್ಟಿತು.

ಮೂರು ತಿಂಗಳಲ್ಲಿ ಆ ಕ್ಯಾಸೆಟ್ ಹಾಕದ ಬಸ್ಸಿಲ್ಲ, ದೋಣಿಯಿಲ್ಲ, ಹೆಂಡದಂಗಡಿಯಿಲ್ಲ. ಆಗಲೇ ಓಂಪು ಬಿನ್ಸಾರ್ ಕುಲದ ಸಭೆ ಕರೆದ. ಆಗಿನ್ನೂ ಅವನು ಅಜ್ಜನಾಗಿರಲಿಲ್ಲ, ಕಟ್ಟಳೆ ಹೇಳುವ ಕೆಲಸ ಕೈಗೆ ಬಂದು ಒಂದು ವರ್ಷವಾಗಿತ್ತು ಅಷ್ಟೇ. ಹೊಸ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆಯುತ್ತಾನೆ.

"ಡಬ್ಬದಿಂದ ಬರೋದು ಗೊಂಡಾಂಗ್ ಅಲ್ಲ," ಎಂದ. "ಅದು ಬರೀ ಸದ್ದು. ಇದು ಕುಲದ ತೀರ್ಮಾನ. ಸದ್ದು ಮಾರೋನನ್ನ ಇನ್ಮೇಲೆ ನಮ್ಮೂರ ಅಂಗಳದಲ್ಲಿ ಡೋಲಿನ ಮುಂದೆ ಕೂರಿಸೋ ಹಾಗಿಲ್ಲ."

ಜಾಯಿಹುತ್ ತಲೆ ತಗ್ಗಿಸಲಿಲ್ಲ. "ಊರಿಗೊಂದೇ ಅಂಗಳವಾ ಅಣ್ಣ? ಸರೋವರದ ಸುತ್ತ ಸಾಯೋರು ಬೇಕಾದಷ್ಟು ಜನ ಇದ್ದಾರೆ," ಎಂದು ಎದ್ದು ಬಂದ. ಅವನ ಹೆಂಡತಿ ತಿಯೊಮಿನಾರ್ ಆವತ್ತು ಎಲ್ಲರಿಗೂ ಕಾಫಿ ಬಗ್ಗಿಸುತ್ತಿದ್ದಳು. ಆಮೇಲೆ ಅವನು ಮೆದಾನಿಗೆ ಹೋಗುತ್ತಲೇ ಇದ್ದ. ಒಟ್ಟು ಇಪ್ಪತ್ತೆರಡು ಕ್ಯಾಸೆಟ್. ಹುಟ್ಟಿದೂರಿನಲ್ಲಿ ಮಾತ್ರ ಅವನು ಮತ್ತೆಂದೂ ಡೋಲಿನ ಮುಂದೆ ಕೂರಲಿಲ್ಲ.

*

ಹೋದ ತಿಂಗಳು ಆಸ್ಪತ್ರೆಯವರು ಮನೆಗೆ ಕಳಿಸಿದ ಮೇಲೆ ಜಾಯಿಹುತ್ ಮಗಳ ಕೈಲಿ ಹಳೇ ಟೇಪ್ ರೆಕಾರ್ಡರ್ ಇಳಿಸಿ, ಇಪ್ಪತ್ತೆರಡನ್ನೂ ಒಂದೊಂದಾಗಿ ಹಾಕಿಸಿ ಕೇಳಿದ. ಅಲ್ಲಿಯವರೆಗೆ ಒಮ್ಮೆಯೂ ತನ್ನ ಕ್ಯಾಸೆಟ್ಟು ಪೂರ್ತಿ ಕೇಳಿದವನಲ್ಲ.

"ಇದು ಹೊಟ್ಟೆಪಾಡು. ಕೀಬೋರ್ಡ್ ಸೇರಿಸಿದ್ದಾರೆ ನೋಡು, ಹಲ್ಲುನೋವಿದ್ದ ಹಾಗಿದೆ. ತೆಗಿ."

"ಇದು?"

"ಚೆನ್ನಾಗಿದೆ. ಆದ್ರೆ ಆವತ್ತು ಕುಡಿದಿದ್ದೆ. ಇದು ನನ್ನದಲ್ಲ, ಹೆಂಡದ್ದು." ಇನ್ನೊಂದನ್ನು ಕೇಳುತ್ತ ಕಣ್ಣು ಕಿರಿದು ಮಾಡಿದ. "ಇಲ್ಲಿ ಮೂರನೇ ಡೋಲು ಶ್ರುತಿ ಇಳಿದಿದೆ. ಇಷ್ಟು ವರ್ಷ ಒಬ್ಬರಿಗೂ ಗೊತ್ತಾಗಿಲ್ಲ."

"ನಂಗೆ ಹತ್ತು ವರ್ಷ ಇದ್ದಾಗ್ಲೇ ಗೊತ್ತಾಗಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೊಡೀತಿದ್ದೆ ನೀನು."

ಅವನು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಹೆಣ್ಣುಮಗಳಿಗೆ ಡೋಲು ಕಲಿಸಿದನೆಂದು ಊರು ಆಡಿಕೊಂಡಾಗಲೂ ಹೀಗೇ ನಗುತ್ತಿದ್ದ. ಕೊನೆಗೆ ಮೊದಲ ಕ್ಯಾಸೆಟ್ ಹಾಕಿಸಿದ. ಮುಗಿದ ಮೇಲೆ, "ಇಪ್ಪತ್ತೆರಡರಲ್ಲಿ ಇದೊಂದು ನಾನು. ಉಳಿದದ್ದನ್ನ ಸರೋವರಕ್ಕೆ ಹಾಕು," ಎಂದ. ಆಮೇಲೆ, "ನನ್ನನ್ನ ಮೂಕನ ಹಾಗೆ ಕಳಿಸ್ಬೇಡ ಮಗಳೇ. ಕಟ್ಟಳೆ ಏನಿದೆ ನಂಗೂ ಗೊತ್ತು. ಆದ್ರೂ ಕಳಿಸ್ಬೇಡ."

"ಇಲ್ಲಪ್ಪ," ಎಂದಿದ್ದಳು ರುಗುನ್. ಈಗ ಅವನ ತಲೆದೆಸೆಯಲ್ಲಿ ಕೂತು ಆ ಮಾತು ಉಳಿಸಿಕೊಳ್ಳುವ ದಾರಿ ಹುಡುಕುತ್ತಿದ್ದಳು.

*

ಹತ್ತು ಗಂಟೆಗೆ ತಿಯೊಮಿನಾರಳ ತಮ್ಮ ಪಾಂತಾಸ್ ದೋಣಿಯಿಂದ ಇಳಿದು ಬಂದ. ಹೆಣ್ಣು ಕೊಟ್ಟ ಮನೆಯವನು. ನಮ್ಮಲ್ಲಿ ಹೆಣ್ಣು ಕೊಟ್ಟವರ ಮುಂದೆ ಎಂಥ ಹಿರಿಯನೂ ಸ್ವಲ್ಪ ತಗ್ಗಿಯೇ ಕೂರಬೇಕು. ತಂದಿದ್ದ ಎರಡು ಉಲೋಸ್ ಹೊದಿಕೆಗಳಲ್ಲಿ ಒಂದನ್ನು ಭಾವನ ಮೇಲೆ ಹೊದಿಸಿದ. ಇನ್ನೊಂದನ್ನು ಅಕ್ಕನ ತಲೆಯ ಮೇಲೆ ಮುಸುಕು ಹಾಕಿದ, ಅಲ್ಲಿಗೆ ಆಕೆ ವಿಧವೆಯಾದಳು. ಇಬ್ಬರೂ ಗಟ್ಟಿಯಾಗಿ ಅತ್ತರು. ಅತ್ತು ಮೂಗು ಒರೆಸಿಕೊಂಡು ಪಾಂತಾಸ್ ಸುತ್ತ ನೋಡಿದ.

"ಡೋಲಿನ ಒಡೆಯನ ಮನೇಲಿ ಇದೇನು ಇಷ್ಟು ಮೌನ?"

ಓಂಪು ಬಿನ್ಸಾರ್ ಕಟ್ಟಳೆ ವಿವರಿಸಿದ. ಅವನಿಗೆ ಬೇಸರವೂ ಇತ್ತೇನೋ, ಆದರೆ ಮಾತು ಮಾತ್ರ ಮೊಳೆ ಹೊಡೆದ ಹಾಗೆ ಬಂತು. ಪಾಂತಾಸ್ ಒಳ್ಳೆಯವನು, ವಾದ ಗೊತ್ತಿಲ್ಲದವನು. "ಕಟ್ಟಳೆ ಅಂದ್ಮೇಲೆ ಇನ್ನೇನು ಮಾಡೋಕಾಗತ್ತೆ," ಎಂದು ಗೋಡೆಗೆ ಒರಗಿದ.

ಆಗ ತಿಯೊಮಿನಾರ್ ಮುಸುಕನ್ನು ಸ್ವಲ್ಪ ಸರಿಸಿದಳು. ನಮ್ಮಲ್ಲಿ ಹೆಂಗಸು ಗಂಡನ ಅಣ್ಣನೊಡನೆ ನೇರವಾಗಿ ಮಾತಾಡುವಂತಿಲ್ಲ. ನಲವತ್ತಮೂರು ವರ್ಷ ಆಕೆ ಅವನಿಗೆ ಹೇಳಬೇಕಾದದ್ದನ್ನೆಲ್ಲ ಕಂಬಕ್ಕೆ, ನಾಯಿಗೆ, ಕಾಫಿ ಲೋಟಕ್ಕೆ ಹೇಳಿ ಮುಟ್ಟಿಸಿದ್ದಳು. ಇವತ್ತು ಗಂಡನ ಕಡೆ ತಿರುಗಿದಳು.

"ರುಗುನ್ ಅಪ್ಪ, ನಿಮ್ಮಣ್ಣನ್ನ ಒಂದು ಮಾತು ಕೇಳಿ ಹೇಳಿ. ಡಬ್ಬದಿಂದ ಬರೋದು ಗೊಂಡಾಂಗಾ, ಅಲ್ವಾ?"

ಓಂಪು ಬಿನ್ಸಾರನಿಗೂ ಬೇರೆ ದಾರಿಯಿರಲಿಲ್ಲ. ಅವನೂ ಹೆಣದ ಕಡೆಗೇ ಬಾಗಿದ.

"ಅಲ್ಲ ಅಂತ ಹೇಳಪ್ಪ ಅವಳಿಗೆ. ಆವತ್ತೂ ಅಲ್ಲ, ಇವತ್ತೂ ಅಲ್ಲ."

"ಕುಲದ ತೀರ್ಮಾನ ಬದಲಾಗಿಲ್ವಾ ಕೇಳಿ. ಆವತ್ತು ನಾನೇ ಕಾಫಿ ಕೊಟ್ಟಿದ್ದೆ, ಅವರಿಗೆ ಸಕ್ಕರೆ ಜಾಸ್ತಿ."

"ಬದಲಾಗಿಲ್ಲ. ಅದು ಬರೀ ಸದ್ದು ಅಂತ ಹೇಳು."

"ಹಾಗಾದ್ರೆ, ಸತ್ತ ಮನೇಲಿ ಗೊಂಡಾಂಗ್ ಕೂಡದು ಅನ್ನೋ ಕಟ್ಟಳೆ ಬರೀ ಸದ್ದಿಗೆ ತಾಗತ್ತಾ ಕೇಳಿ ನೋಡಿ. ಪಕ್ಕದ ಮನೇಲಿ ರೇಡಿಯೋ ಒದರ್ತಿದೆ, ಅದನ್ನ ಯಾರೂ ನಿಲ್ಲಿಸಿಲ್ಲ."

ಪಾಂತಾಸ್ ಗೋಡೆ ಬಿಟ್ಟು ನೆಟ್ಟಗೆ ಕೂತ. ಅವನ ಮುಖದ ಮೇಲೆ ಸಾವಿನ ಮನೆಗೆ ಹೊಂದದ ಒಂದು ನಗು ಹರಿದಾಡಿತು. "ಹೆಣ್ಣು ಕೊಟ್ಟವನು ಕೇಳ್ತಿದ್ದೀನಿ, ಉತ್ತರ ಕೊಡಿ ಹಿರಿಯರೇ."

ಓಂಪು ಬಿನ್ಸಾರ್ ಸತ್ತ ತಮ್ಮನ ಮುಖ ನೋಡಿದ. ತಾನೇ ತೋಡಿದ ಗುಂಡಿಗೆ ಮನುಷ್ಯ ಬೀಳುವುದುಂಟು, ಆದರೆ ಹೀಗೆ ಹೆಣವೊಂದರ ಬಾಯಿಂದ ತಳ್ಳಿಸಿಕೊಂಡು ಬಿದ್ದವರು ಕಡಿಮೆ.

"ಹಾಕ್ಕೊಳ್ಳಲಿ," ಎಂದ. "ಸದ್ದು ತಾನೇ. ಆದ್ರೆ ಹೇಳಪ್ಪ ಅವಳಿಗೆ, ಸದ್ದಿಗೆ ಯಾರೂ ಕುಣಿಯಲ್ಲ. ನಮ್ಮ ಕುಲದಲ್ಲಿ ಅಂಥ ಹುಚ್ಚರು ಯಾರೂ ಇಲ್ಲ." ಹಾಗೆಂದು ಜಗುಲಿಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಯಾರು ಹುಚ್ಚರಾಗುತ್ತಾರೋ ನೋಡೇಬಿಡುತ್ತೇನೆ ಎಂಬಂತೆ ಕೂತ.

ರುಗುನ್ ಟೇಪ್ ರೆಕಾರ್ಡರನ್ನು ಅಪ್ಪನ ಪಾದದ ಹತ್ತಿರದ ಕಿಟಕಿಯಲ್ಲಿಟ್ಟು, ಮೊದಲ ಕ್ಯಾಸೆಟ್ ಹಾಕಿ, ದನಿಯನ್ನು ಪೂರ್ತಿ ಏರಿಸಿದಳು.

ಮೊದಲು ಆಕಿಯೊಂಗ್ ಮಾತಾಡಿದ. ಆ ಮುರುಕು ಬತಾಕ್ ಕೇಳಿ ಹೆಂಗಸರು ಸೆರಗು ಕಚ್ಚಿ ನಕ್ಕರು. ನಗು ಮುಗಿಯುವ ಮೊದಲೇ ಜಾಗಟೆ ಬಿತ್ತು. ಅದರ ಹಿಂದೆಯೇ ಐದು ಡೋಲುಗಳು ಓಡಿಬಂದವು. ಮೂವತ್ತೆರಡು ವರ್ಷದ ಜಾಯಿಹುತ್, ಯಾರಿಗೂ ಹೆದರದ ಜಾಯಿಹುತ್, ಎಪ್ಪತ್ತೊಂದರ ಜಾಯಿಹುತ್‌ನ ಹೆಣದ ಮುಂದೆ ಬಾರಿಸುತ್ತಿದ್ದ. ರುಗುನ್‌ಗೆ ಈಗ ಅಳು ಬಂತು. ಅಳುತ್ತಲೇ ಎದ್ದು ನಿಂತು ಅಂಗೈಗಳನ್ನು ಎದೆಯ ಮುಂದೆ ತಂದು, ಅಪ್ಪನ ಕಡೆ ಮುಖ ಮಾಡಿ, ಮಂಡಿ ಸಡಿಲಿಸಿ ತೊರ್ತೊರ್ ಕುಣಿತಕ್ಕೆ ಇಳಿದಳು. ಒಬ್ಬಳೇ. ದೊಡ್ಡಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

"ನಾನು ನಿಮ್ಮ ಕುಲದವನಲ್ಲಪ್ಪ, ನಾನು ಹುಚ್ಚನಾಗಬಹುದು," ಎಂದು ಪಾಂತಾಸ್ ಎದ್ದ. ಅವನ ಹಿಂದೆ ಅವನ ಕಡೆಯವರು. ಆಮೇಲೆ ಅಡುಗೆಮನೆಯಿಂದ ಅರಿಶಿನದ ಕೈಯಲ್ಲೇ ಬಂದ ಹೆಂಗಸರು. ಅಂಗಳದ ಮೂಲೆಯಲ್ಲಿ ತಿಗೊರ್ ತಾನೇ ನಲವತ್ತು ವರ್ಷದ ಹಿಂದೆ ಬಾರಿಸಿದ ಜಾಗಟೆ ಕೇಳುತ್ತ ನಿಂತಿದ್ದವನು, "ಸಾಯೋದು ಹೇಗಿದ್ರೂ ಇದ್ದದ್ದೇ," ಎಂದು ಗೊಣಗಿ ಚಪ್ಪಲಿ ಬಿಟ್ಟು ಒಳಗೆ ಬಂದ. ಅವನು ಬಂದ ಮೇಲೆ ಕುಲದ ಗಂಡಸರನ್ನು ಹಿಡಿಯುವವರೇ ಇರಲಿಲ್ಲ. ಹೆಣ ಅಂಗಳಕ್ಕೆ ಇಳಿಯಲಿಲ್ಲ, ಅಷ್ಟು ಕಟ್ಟಳೆ ಉಳಿಯಿತು. ಮನೆಯ ನೆಲದ ಹಲಗೆಗಳು ಮಾತ್ರ ಒಂದೇ ತಾಳಕ್ಕೆ ಮೇಲೆ ಕೆಳಗೆ ಆಗುತ್ತಿದ್ದವು. ಓಂಪು ಬಿನ್ಸಾರ್ ಕುರ್ಚಿಯಲ್ಲಿ ಕಲ್ಲಿನ ಹಾಗೆ ಕೂತಿದ್ದ.

ಡೋಲು ಏರುತ್ತ ಏರುತ್ತ ಇನ್ನೇನು ತುದಿ ಮುಟ್ಟಬೇಕು, ಟಕ್ ಎಂದು ಟೇಪು ನಿಂತಿತು. ಮೊದಲ ಮಗ್ಗುಲು ಮುಗಿದಿತ್ತು.

ಯಾರೂ ಕೈ ಇಳಿಸಲಿಲ್ಲ. ನಲವತ್ತೈವತ್ತು ಜನ ಎತ್ತಿದ ಕೈ ಎತ್ತಿದಂತೆಯೇ, ಬಗ್ಗಿದ ಮಂಡಿ ಬಗ್ಗಿದಂತೆಯೇ ನಿಂತರು. ಗೊಂಡಾಂಗನ್ನು ನಡುವೆ ನಿಲ್ಲಿಸಿದರೆ ಹೋಗುತ್ತಿರುವವನು ದಾರಿಯಲ್ಲೇ ನಿಂತುಬಿಡುತ್ತಾನೆ ಎಂಬುದು ಮಕ್ಕಳಿಗೂ ಗೊತ್ತು. ರುಗುನ್ ಓಡಿಹೋಗಿ ಕ್ಯಾಸೆಟ್ ತಿರುಗಿಸಿ ಹಾಕಿ, ಗುಂಡಿಯ ಮೇಲೆ ಬೆರಳಿಟ್ಟಳು.

"ಮೊದಲನೇದು ಬೇಡ," ಎಂದಿತು ಹಿಂದಿನಿಂದ ಒಂದು ದನಿ.

ರುಗುನ್ ತಿರುಗಿ ನೋಡಿದಳು. ಓಂಪು ಬಿನ್ಸಾರ್ ಅವಳನ್ನು ನೋಡುತ್ತಿರಲಿಲ್ಲ, ಕಿಟಕಿಯನ್ನು ನೋಡುತ್ತಿದ್ದ.

"ಅದು ಮದುವೇದು. ಅದರ ಮುಂದಿಂದು ಮಳೆಗೆ ಬೇಡ್ಕೊಳ್ಳೋದು, ಅದೂ ಬೇಡ. ಕಳಿಸಿಕೊಡೋದು ಮೂರನೇದು. ಓಡಿಸು. ಇನ್ನೂ ಓಡಿಸು. ಹಾಂ, ಸಾಕು. ಅಲ್ಲಿ ಅವನು ಒಂದ್ಸಲ ಕೆಮ್ತಾನೆ, ಅದಾದ ಮೇಲೆ ಶುರುವಾಗತ್ತೆ."

ರುಗುನ್ ಗುಂಡಿ ಒತ್ತಿದಳು. ಟೇಪಿನ ಸರಸರ ಸದ್ದು ಕೋಣೆಯಲ್ಲಿ ತುಂಬಿತು. ಕಿಟಕಿಯಿಂದ ಮೂವತ್ತೆರಡು ವರ್ಷದ ಜಾಯಿಹುತ್ ಒಮ್ಮೆ ಕೆಮ್ಮಿದ. ಓಂಪು ಬಿನ್ಸಾರ್ ಆಗಲೇ ಕುರ್ಚಿಯಿಂದ ಎದ್ದು, ಎರಡೂ ಅಂಗೈಗಳನ್ನು ಎದೆಯ ಮುಂದೆ ಹಿಡಿದು ನಿಂತಿದ್ದ.