ಸತುವಿನ ಹೂವು

ಗಲಾಟೆ ಮಾಡುವ ಮಕ್ಕಳನ್ನು ಕಂಡು ತಲೆನೋವು ಎನ್ನುವವರನ್ನು ನೋಡಿದರೆ ಅಜ್ಜಿಗೆ ನಗು ಬರುತ್ತಿತ್ತು. ಕಣ್ಣಿಲ್ಲದವರನ್ನು ಹೆದರಿಸುವುದು ಸದ್ದು ಮಾಡದ ಮಗು. ಹಾಡುತ್ತಲೋ ಜಗಳವಾಡುತ್ತಲೋ ಇದ್ದರೆ ಅದು ಎಲ್ಲಿದೆ, ಏನು ಮಾಡುತ್ತಿದೆ ಎಂದು ಗೊತ್ತಾಗುತ್ತದೆ. ಆ ದಿನ ಬೆಳಗಿನಿಂದ ಮೊಮ್ಮಗಳ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

ಐದು ವರ್ಷದ ಗೇಣುದ್ದ ಹುಡುಗಿ. ಅವಳಿಗೆ ಅಜ್ಜಿ ಇಟ್ಟ ಹೆಸರು ಚಿಲ್ಲರೆ. ನೋಟು ಜೇಬಿನಲ್ಲಿ ಸುಮ್ಮನೆ ಮಲಗಿರುತ್ತದೆ, ಚಿಲ್ಲರೆಗೆ ಮಾತ್ರ ಕುಣಿಯದಿದ್ದರೆ ಆಗದು. ಅವಳ ಅಮ್ಮ, ಎಂದರೆ ಅಜ್ಜಿಯ ಮಗಳು, ಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಅವಳು ಬರುವವರೆಗೆ ಮಗು ಅಜ್ಜಿಯ ಪಾಲು. ಕಣ್ಣು ಹೋದ ಮೇಲೆ ಆ ಮನೆಯಲ್ಲಿ ಅಜ್ಜಿಯನ್ನು ನಂಬಿ ಕೊಟ್ಟಿದ್ದ ಕೆಲಸ ಅದೊಂದೇ. ಅದನ್ನು ಅವಳು ಜೀವಕ್ಕಿಂತ ಹೆಚ್ಚಾಗಿ ಕಾಯ್ದುಕೊಂಡಿದ್ದಳು.

ಕಣ್ಣಿದ್ದ ಕಾಲದಲ್ಲಿ ಅವಳು ಬಂದರಿನಲ್ಲಿ ಪರದೇಶದ ಹಣ ಬದಲಾಯಿಸಿಕೊಡುವ ಕಿಟಕಿಯಲ್ಲಿ ಕೂರುತ್ತಿದ್ದಳು. ಅಲ್ಲಿ ನೋಟನ್ನು ಕೊಳ್ಳುತ್ತಿದ್ದರೇ ಹೊರತು ನಾಣ್ಯವನ್ನು ಕೊಳ್ಳುತ್ತಿರಲಿಲ್ಲ. ಹಡಗಿನಿಂದ ಇಳಿದವರು "ನೀವೇ ಇಟ್ಕೊಳ್ಳಿ" ಎಂದು ಬಿಟ್ಟುಹೋದ ಬಿಲ್ಲೆಗಳೆಲ್ಲ ಈಗ ಒಂದು ಮರದ ಪೆಟ್ಟಿಗೆಯಲ್ಲಿದ್ದವು. ಒಳಗೆ ಮಖಮಲ್ಲಿನ ಗುಳಿಗಳು, ಗುಳಿಗೊಂದು ದೇಶ. ಮಧ್ಯಾಹ್ನದ ಊಟವಾದ ಮೇಲೆ ಮೊಮ್ಮಗಳಿಗೆ ಪಾಠ. ನಡುವೆ ತೂತಿದ್ದು, ಅದರ ಪಕ್ಕ ಬೆರಳಿಗೆ ಭತ್ತದ ತೆನೆ ಸಿಕ್ಕಿದರೆ ಜಪಾನು. ಹಾರಲು ಬಾರದ ಹಕ್ಕಿ ಸಿಕ್ಕಿದರೆ ನ್ಯೂಜಿಲೆಂಡು. ಬರೀ ಬೆರಳಿಂದ ಬಗೆಹರಿಯದಿದ್ದರೆ ನಾಲಿಗೆ. ತುದಿನಾಲಿಗೆಗೆ ಮುಟ್ಟಿಸಿದರೆ ತಾಮ್ರಕ್ಕೊಂದು ರುಚಿ, ಕಬ್ಬಿಣಕ್ಕೊಂದು, ಅಲ್ಯೂಮಿನಿಯಮ್ಮಿಗೆ ಇನ್ನೊಂದು. ಈ ವಿದ್ಯೆಯನ್ನೂ ಅಜ್ಜಿ ಧಾರೆ ಎರೆದಿದ್ದಳು.

ಮಗಳು ಇದನ್ನು ಒಮ್ಮೆ ಕಣ್ಣಾರೆ ಕಂಡಳು. "ಅಮ್ಮ, ಇನ್ನೊಂದು ಸಲ ಮಗು ಬಾಯಿಗೆ ಕಾಸು ಹೋದ್ರೆ ನಾನವಳನ್ನ ಶಿಶುವಿಹಾರಕ್ಕೆ ಸೇರಿಸ್ಬಿಡ್ತೀನಿ. ಹೊತ್ತು ಮುಳುಗೋವರೆಗೂ ಅಲ್ಲೇ ಇರ್ತಾಳೆ." ಅಜ್ಜಿ ಆಗಲಿ ಎಂದು ತಲೆಯಾಡಿಸಿದಳು. ಮರುದಿನ ಮಗಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದ ಮೇಲೆ ಪಾಠ ಮೊದಲಿನಂತೆಯೇ ನಡೆಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ, ಅಜ್ಜಿಗೆ ಮುಚ್ಚುವ ಶ್ರಮವೂ ಇರಲಿಲ್ಲ.

ಈಗ ಆ ಚಿಲ್ಲರೆ ಮಂಚದ ಮೂಲೆಯಲ್ಲಿ ಮುದುಡಿಕೊಂಡು ಮಲಗಿದ್ದಳು. ಅಜ್ಜಿ ತಡವಿಕೊಂಡು ಹೋಗಿ ಹಣೆ ಮುಟ್ಟಿದಳು. ಬೆವರು. ಹೊಟ್ಟೆಯ ಮೇಲೆ ಕೈ ಇಟ್ಟರೆ ಮಗು ಕೈಯನ್ನು ತಳ್ಳಿತು. ಆಮೇಲೆ ಹಾಸಿಗೆಯ ಮೇಲೆಯೇ ವಾಂತಿ ಮಾಡಿಕೊಂಡಿತು.

"ಏನು ತಿಂದೆ, ಕಂದ?"

ಮೂಗು ಎಳೆಯುವ ಸದ್ದು ಬಂತು. ಹಿಂದಿನ ದಿನ ಪಾಠ ಮುಗಿದಾಗ ಪೆಟ್ಟಿಗೆಯನ್ನು ತಾನೇ ಮುಚ್ಚುತ್ತೇನೆಂದು ಮಗು ಹಟ ಮಾಡಿದ್ದು ಅಜ್ಜಿಗೆ ನೆನಪಾಯಿತು. ಅವಳು ಪೆಟ್ಟಿಗೆ ತೆರೆದು ಗುಳಿಗಳ ಮೇಲೆ ಬೆರಳಾಡಿಸುತ್ತ ಹೋದಳು. ಜಪಾನು ಇತ್ತು, ನ್ಯೂಜಿಲೆಂಡು ಇತ್ತು. ಕೊನೆಯ ಸಾಲಿನಲ್ಲಿ ಬೆರಳು ಬರಿಯ ಮಖಮಲ್ಲಿಗೆ ತಾಕಿತು. ನೆದರ್ಲೆಂಡ್ಸ್ ಇರಲಿಲ್ಲ.

ಆ ನಾಣ್ಯ ಕೊಟ್ಟವನು ಒಬ್ಬ ಮುದಿ ನಾವಿಕ. ಸಮುದ್ರಕ್ಕಿಂತ ತಗ್ಗಿನಲ್ಲಿದ್ದು, ನೀರಿಗೆ ಗೋಡೆ ಕಟ್ಟಿ ಬದುಕುವ ಜನರ ನಾಣ್ಯ. ಎರಡನೇ ಮಹಾಯುದ್ಧದಲ್ಲಿ ಶತ್ರುಗಳು ಬಂದು ಕೂತಾಗ ಒಳ್ಳೆಯ ಲೋಹವೆಲ್ಲ ಮಾಯವಾಗಿ ನಾಣ್ಯಕ್ಕೆ ಸತು ಉಳಿಯಿತು. ಅದರ ಮೇಲೆ ಟ್ಯುಲಿಪ್ ಹೂವು. ಯುದ್ಧದ ಕೊನೆಯ ಚಳಿಗಾಲ ತಿನ್ನಲು ಏನೂ ಸಿಗದೆ ಜನ ಆ ಹೂವಿನ ಗಡ್ಡೆಗಳನ್ನೇ ಬೇಯಿಸಿ ತಿಂದರು ಎಂದು ಅಜ್ಜಿ ನಿನ್ನೆ ತಾನೇ ರಸವತ್ತಾಗಿ ಹೇಳಿದ್ದಳು. ಹೂವು ತಿನ್ನುತ್ತಾರಾ, ಹೇಗಿರುತ್ತದೆ ಎಂದು ಮಗು ಕೇಳಿತ್ತು. "ನಾಲಿಗೆಗೆ ಮುಟ್ಟಿಸಿ ನೋಡು" ಎಂದವಳು ತಾನೇ.

"ನುಂಗಿಬಿಟ್ಯಾ?"

"ಜಾರಿಹೋಯ್ತು ಅಜ್ಜಿ." ಸಣ್ಣ ದನಿ. "ಅಮ್ಮಂಗೆ ಹೇಳ್ಬೇಡ. ಹೇಳಿದ್ರೆ ನನ್ನ ಕಳಿಸ್ಬಿಡ್ತಾಳೆ."

ಅಜ್ಜಿ ಫೋನು ಹುಡುಕಿ ಮಗಳಿಗೆ ಹೇಳಿದ್ದು ಇಷ್ಟೇ: ಮಗು ಕಾಸು ನುಂಗಿದೆ, ಬೇಗ ಬಾ. ಯಾವ ಕಾಸು ಎಂದು ಹೇಳಲು ನಾಲಿಗೆ ಹೊರಳಲಿಲ್ಲ.

ಮಗಳು ಸೋಪಿನ ವಾಸನೆಯ ಸಮೇತ ಓಡಿ ಬಂದಳು. ಆಟೋದಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದಳು. "ಯಾವ ಕಾಸು ಪುಟ್ಟ? ಅಜ್ಜಿ ಪೆಟ್ಟಿಗೇದಾ?"

"ಅಲ್ಲ. ಬಾಗಿಲ ಹತ್ರ ಬಟ್ಟಲಲ್ಲಿ ರೂಪಾಯಿ ಇತ್ತಲ್ಲ, ಅದು."

ಐದು ವರ್ಷದ ಮಗು ಅಷ್ಟು ನೇರವಾಗಿ ಸುಳ್ಳು ಹೇಳಿದ್ದು ಕೇಳಿ ಅಜ್ಜಿಗೆ ದಿಗಿಲಾಯಿತು. ಅದಕ್ಕಿಂತ ಹೆಚ್ಚಾಗಿ ಒಳಗೆಲ್ಲೋ ಉಸಿರು ಹಗುರಾಯಿತು. ಆ ಹಗುರಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರ ದನಿ ಎಳೆಯದು, ಅವಸರದ್ದು. "ಹೊಟ್ಟೇಲಿದೆ, ಹೆದರ್ಬೇಡಿ. ದಿನಾ ಇಂಥವು ಬರ್ತಾನೇ ಇರ್ತವೆ. ಎರಡು ಮೂರು ದಿನದಲ್ಲಿ ತಾನಾಗೇ ಆಚೆ ಬರುತ್ತೆ. ಬಾಳೆಹಣ್ಣು ಕೊಡಿ, ಮನೆಗೆ ಕರ್ಕೊಂಡು ಹೋಗಿ."

"ವಾಂತಿ ಆಗಿದೆ ಡಾಕ್ಟ್ರೇ" ಎಂದಳು ಮಗಳು.

"ಗಾಬರಿಗೆ ಆಗಿರುತ್ತಮ್ಮ."

ಮಗಳು ನಿಟ್ಟುಸಿರು ಬಿಟ್ಟದ್ದು ಅಜ್ಜಿಗೆ ಕೇಳಿಸಿತು. ಮಗುವಿಗೆ ಚಪ್ಪಲಿ ತೊಡಿಸುವ ಸದ್ದೂ ಕೇಳಿಸಿತು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದವನನ್ನು ತಂದು ಅಜ್ಜಿ ಕೂತಿದ್ದ ಆ ಬೆಂಚಿನ ಮೇಲೆ ಕೂರಿಸಬೇಕಿತ್ತು. ಬಂದರಿನ ಕಿಟಕಿಯಲ್ಲಿದ್ದಾಗ ಅವಳು ಇಂಥದೇ ಇನ್ನೊಂದು ಸತುವಿನ ನಾಣ್ಯವನ್ನು ಹೊಳಪೇರಿಸಲು ಹೋಗಿ ನಿಂಬೆರಸದಲ್ಲಿ ನೆನೆಹಾಕಿದ್ದಳು. ಅದು ನೊರೆ ಬಿಟ್ಟು, ಅಂಚು ಕರಗಿ, ಮರುದಿನಕ್ಕೆ ಹುಳ ತಿಂದಂತಾಗಿತ್ತು. ನಿಂಬೆಹಣ್ಣಿಗೇ ಹಾಗಾದರೆ ಹೊಟ್ಟೆಯ ಹುಳಿಗೆ ಏನಾಗಬೇಕು? ನಿನ್ನೆ ಮಧ್ಯಾಹ್ನದಿಂದ ಅದು ಅಲ್ಲಿ ಕರಗುತ್ತಿದೆ. ಕರಗಿದ್ದು ಎಲ್ಲಿಗೆ ಹೋಗುತ್ತದೆ?

ಏನೂ ಆಗದಿರಬಹುದು, ಡಾಕ್ಟರು ಓದಿದವರು, ಅವರಿಗೆ ಗೊತ್ತಿರುತ್ತದೆ ಎಂದು ಮನಸ್ಸು ಆಸರೆ ಹುಡುಕಿತು. ಆದರೆ ಯಾವ ನಾಣ್ಯ ಎಂದು ಅವರಿಗೆ ಯಾರು ಹೇಳಿದ್ದಾರೆ? ಮಗು ಹೇಳುವುದಿಲ್ಲ. ಹೇಳಬಾರದೆಂದು ಅದು ಹಲ್ಲು ಕಚ್ಚಿ ನೋವನ್ನೇ ನುಂಗುತ್ತಿದೆ.

"ಡಾಕ್ಟ್ರೇ, ನಿಲ್ಲಿ" ಎಂದಳು ಅಜ್ಜಿ. "ಅದು ಬಟ್ಟಲ ಕಾಸಲ್ಲ. ನನ್ನ ಪೆಟ್ಟಿಗೇದು. ಸತು. ಬರೀ ಸತು. ನಿನ್ನೆ ಮಧ್ಯಾಹ್ನ ನುಂಗಿದ್ದು. ಬಾಯಿಗೆ ಇಟ್ಕೋ ಅಂದವಳು ನಾನೇ."

ಮಗು ಬಿಕ್ಕಿ ಬಿಕ್ಕಿ ಅಳತೊಡಗಿತು. ಎಕ್ಸ್‌ರೇ ಹಾಳೆಯನ್ನು ಮತ್ತೆ ಬೆಳಕಿಗೆ ಹಿಡಿದ ಸರಸರ ಸದ್ದು.

"ಅಂಚು ಸವೆದ ಹಾಗಿದೆ" ಎಂದರು ಡಾಕ್ಟರು. ಅವಸರ ದನಿಯಿಂದ ಹೋಗಿ ಹೆಜ್ಜೆಗೆ ಬಂದಿತ್ತು. "ನಾನಿದನ್ನ ಡಿಸೈನು ಅಂದ್ಕೊಂಡೆ. ಸಿಸ್ಟರ್, ದೊಡ್ಡ ಡಾಕ್ಟ್ರನ್ನ ಕರೀರಿ. ಬಾಯಿಂದ ಕೊಳವೆ ಹಾಕಿ ಈಗಲೇ ತೆಗೀಬೇಕು. ಮನೆಗೆ ಹೋಗೋ ಮಾತೇ ಇಲ್ಲ."

ಗಾಲಿಮಂಚ ಉರುಳಿತು. "ಅಜ್ಜೀ" ಎಂದು ಕೂಗಿದ ದನಿಯ ಮೇಲೆ ಒಂದು ಬಾಗಿಲು ಮುಚ್ಚಿಕೊಂಡಿತು.

ಆಮೇಲಿನ ಹೊತ್ತನ್ನು ಅಜ್ಜಿ ಹೇಗೆ ಕಳೆದಳೋ ಅವಳಿಗೇ ಗೊತ್ತು. ಮಗಳು ಪಕ್ಕದಲ್ಲಿ ಕೂತಿದ್ದಾಳೋ ಎದ್ದುಹೋಗಿದ್ದಾಳೋ ತಿಳಿಯಲಿಲ್ಲ. ಕೈ ಚಾಚಿ ನೋಡುವ ಧೈರ್ಯವಿರಲಿಲ್ಲ. ಬಯ್ಯಲಿ, ಹೊಡೆಯಲಿ, ಇಲ್ಲೇ ಇದ್ದೇನೆ ಎಂದು ಕೆಮ್ಮಲಿ ಎಂದು ಕಾದಳು. ಬಾಗಿಲು ತೆರೆದ ಪ್ರತಿ ಸಲವೂ ಆ ಕಡೆಗೆ ಕಿವಿಗೊಟ್ಟಳು. ಪ್ರಪಂಚವನ್ನೆಲ್ಲ ಬೆರಳ ತುದಿಯಲ್ಲಿ ಇಟ್ಟುಕೊಂಡವಳಿಗೆ ಆ ಬಾಗಿಲಾಚೆ ಏನಿದೆ ಎಂದು ತಿಳಿಯುವ ದಾರಿಯಿರಲಿಲ್ಲ.

ಕೊನೆಗೆ ಯಾರೋ ಹೆಂಗಸಿನ ದನಿ ಹೇಳಿತು. ನಾಣ್ಯ ಆಚೆ ಬಂದಿದೆ. ಹೊಟ್ಟೆಯೊಳಗೆ ಹುಣ್ಣಾಗಿದೆ, ತೂತು ಬಿದ್ದಿಲ್ಲ. ಇನ್ನೆರಡು ದಿನ ಬಿಟ್ಟಿದ್ದರೆ ಏನಾಗುತ್ತಿತ್ತೋ ಹೇಳಲು ಬರುತ್ತಿರಲಿಲ್ಲ. ರಕ್ತ ಪರೀಕ್ಷೆ ನೋಡಿಕೊಂಡು ಕಳಿಸುತ್ತೇವೆ.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಗ ಪಕ್ಕದಿಂದ ಒಂದು ಕೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಮಗಳು ಇಷ್ಟು ಹೊತ್ತೂ ಅಲ್ಲೇ ಕೂತಿದ್ದಳು.

"ನೀನು ಹೇಳಿದ್ದಕ್ಕೆ ಮಗು ಉಳೀತು ಅಮ್ಮ" ಎಂದಳು. ಬೈಗುಳವಿರಲಿಲ್ಲ, ದನಿ ದಣಿದಿತ್ತು. "ಶಿಶುವಿಹಾರಕ್ಕೆ ಕಳಿಸಲ್ಲ. ಮನೇಲೇ ಇರ್ಲಿ."

ಅಜ್ಜಿ ಮಗಳ ಕೈಯನ್ನು ಅದುಮಿದಳು.

"ಲಾಂಡ್ರೀಲಿ ನನ್ನ ಜೊತೆ ಕೆಲಸ ಮಾಡೋಳ ತಂಗಿಗೆ ಹೇಳ್ತೀನಿ. ಸೋಮವಾರದಿಂದ ಬರ್ತಾಳೆ. ಇಡೀ ದಿನ ಇದ್ದು ನಿಮ್ಮಿಬ್ಬರನ್ನೂ ನೋಡ್ಕೋತಾಳೆ."

ಇಬ್ಬರನ್ನೂ. ಅಜ್ಜಿ ಆ ಮಾತನ್ನು ಕೇಳಿಸಿಕೊಂಡಳು. ಮಣಿಕಟ್ಟಿನ ಮೇಲಿನ ಹಿಡಿತ ಬಿಗಿಯಾಗಿತ್ತು, ರಸ್ತೆ ದಾಟುವಾಗ ಮಕ್ಕಳನ್ನು ಹಿಡಿದುಕೊಳ್ಳುವ ಹಾಗೆ. "ಸರಿ" ಎಂದು ಎದ್ದು, ಮಗಳು ಎಳೆದ ಕಡೆಗೆ ನಡೆದಳು.